ಅಮರಾಪುರ, ೪೪೧೭, ಬೇಡ

೧

ಎಲ್ಲಿಂದ ಶುರು ಮಾಡಬೇಕೆನ್ನುವುದೇ ಮೊದಲ ತಕರಾರು.

ಮಾತಿನಿಂದ ಶುರು ಮಾಡೋಣವೆಂದರೆ, ಮಾತು ಇದು:

"ನಾನ್ ಹೇಳ್ಕೊಟ್ಟಿದ್ದು ಅಂತ ಯಾರ್ಗೂ ಹೇಳ್ಬ್ಯಾಡ ಕಣೆ."

"ಇಲ್ಲ ಕಣಕ್ಕ. ರಂಗಪ್ಪನಾಣೆ ಹೇಳಲ್ಲ."

ಇಪ್ಪತ್ತೆರಡು ವರ್ಷದ ಹಿಂದೆ, ಗುಡಿಬಂಡೆಯಲ್ಲಿ ಆಟೋ ಕಾಯುತ್ತ ನಿಂತಿದ್ದಾಗ, ಒಂಬತ್ತು ವರ್ಷದ ಸೌಜನ್ಯ ತನ್ನ ಅಕ್ಕ ಮಂಜುಳಳ ಅಂಗೈ ಮೇಲೆ ಅಂಗೈಯಿಟ್ಟು ಕೊಟ್ಟ ಮಾತು.

(ಏನು ಹೇಳಿಕೊಟ್ಟಿದ್ದು ಎಂದು ಈಗಲೇ ಕೇಳಬೇಡಿ. ಹೇಳಿಬಿಟ್ಟರೆ ಎದ್ದು ಹೋಗುತ್ತೀರಿ. ಹೇಳದಿದ್ದರೂ ಹೋಗುತ್ತೀರಿ, ಆದರೆ ಸ್ವಲ್ಪ ತಡವಾಗಿ. ಆ ತಡದಲ್ಲೇ ನನ್ನ ಕಥೆ ನಡೆಯಬೇಕು.)

೨

ಕೈಬಿಟ್ಟ ಮೊದಲ ಕರಡು: "ರಾಯದುರ್ಗದ ಕೋಟೆಬೆಟ್ಟದ ನೆತ್ತಿಯ ಮೇಲೆ ಬಿಸಿಲು ಏರುತ್ತಿದ್ದಂತೆ..."

ಸಾಕು. ಬೆಟ್ಟ ಅಲ್ಲೇ ಇದೆ, ಎಲ್ಲಿಗೂ ಹೋಗುವುದಿಲ್ಲ. ಬಿಸಿಲು ಏರದ ದಿನವನ್ನು ರಾಯದುರ್ಗದಲ್ಲಿ ಯಾರೂ ಕಂಡಿಲ್ಲ.

ಎರಡನೆಯ ಕರಡು, ಇದು ನಿಲ್ಲಬಹುದು: ಗೋವರ್ಧನನ ಅಪ್ಪನದೊಂದು ಜೀನ್ಸ್ ಹೊಲಿಯುವ ಯೂನಿಟ್ಟು. ಅದರ ಮೇಲಿನ ಕೋಣೆಯಲ್ಲಿ ಎರಡು ಕಂಪ್ಯೂಟರ್, ಒಂದು ಫ್ಯಾನು. ಕೆಳಗೆ ಇಪ್ಪತ್ತು ಮಿಷಿನ್ನು ಒಟ್ಟಿಗೆ ಓಡಿದಾಗ ಮೇಲೆ ಟೇಬಲ್ಲಿನ ಚಹದ ಲೋಟ ತಾನಾಗಿಯೇ ಅಂಚಿನ ಕಡೆ ಸರಿಯುತ್ತದೆ. ಸೌಜನ್ಯ ಕೆಲಸ ಮಾಡುತ್ತಲೇ, ನೋಡದೆಯೇ, ಅದನ್ನು ಹಿಂದಕ್ಕೆ ತಳ್ಳುತ್ತಾಳೆ. ದಿನಕ್ಕೆ ನೂರು ಸಲವಾದರೂ.

ಆ ಕೋಣೆಯಿಂದ ಗೋವರ್ಧನ್ 'ಕಾಜಾ' ಎಂಬ ಬ್ಲಾಗ್ ತಾಣ ನಡೆಸುತ್ತಾನೆ. ಕಾಜಾ ಅಂದರೆ ಗುಂಡಿ ತೂರಿಸುವ ತೂತು. "ಬರೆಯೋರು ಕಾಜಾ ಹೊಲೀತಾರ್ರಿ, ಓದೋರು ಗುಂಡಿ ಹಾಕ್ತಾರ" ಎನ್ನುವುದು ಅವನ ಘೋಷವಾಕ್ಯ. ತೆಲುಗು ರಾಜ್ಯದೊಳಗೆ ಕೂತು ಕನ್ನಡದಲ್ಲಿ ಬರೆಯುವ ಮೇಷ್ಟ್ರುಗಳು, ಚಟ್ನಿಪುಡಿಯ ಮೇಲೆ ನೂರ ಹನ್ನೆರಡು ಬರಹ ಬರೆದಿರುವ ಈರಕ್ಕ, ದಿನಾ ರೇಷ್ಮೆಗೂಡಿನ ದರ ಹಾಕುವ ಮಡಕಶಿರಾ ಕಡೆಯ ಒಬ್ಬ ರೈತ, ಇವರೆಲ್ಲ ಕಾಜಾದ ಬರಹಗಾರರು. ಸೌಜನ್ಯ ಪರದೆಗಳ ಚಿತ್ರ ಬಿಡಿಸುತ್ತಾಳೆ. ಯಾವ ಗುಂಡಿ ಎಲ್ಲಿರಬೇಕು, ಒತ್ತಿದರೆ ಏನಾಗಬೇಕು ಎನ್ನುವುದು ಅವಳ ಕೆಲಸ. ತವರು ಗುಡಿಬಂಡೆ, ಗಂಡನ ಊರು ರಾಯದುರ್ಗ, ಏಳು ವರ್ಷದ ಒಬ್ಬಳು ಮಗಳು.

"ಸೌಜನ್ಯಕ್ಕ, ಮಂದಿ ಸುಮ್ನ ಓದಿ ಹೋಗಾಕತ್ತಾರ್ರಿ" ಎಂದ ಗೋವರ್ಧನ್ ಒಂದು ದಿನ. "ಒಂದು ಪೋಲ್ ಇಡೂಣು. ಬರಹದ ಕೆಳಗ ಪ್ರಶ್ನಿ, ಪ್ರಶ್ನಿ ಕೆಳಗ ಹೌದು, ಬೇಡ. ಒತ್ತಿ ಹೋಗ್ಲಿ."

"ಎರಡೇನಾ? ಎರಡೂ ಅಲ್ಲ ಅನ್ನೋರು ಏನ್ ಮಾಡ್ಬೇಕು?"

"ಅವರು ಓಟು ಹಾಕಂಗಿಲ್ಲ ಬಿಡ್ರಿ."

"ಹಾಕ್ದೆ ಇರೋರೇ ಜಾಸ್ತಿ ಇರ್ತಾರಲ್ಲ."

"ಅವ್ರನ್ನ ಎಣಸಾಕ ನಾವೇನು ಜನಗಣತಿಯೋರೇನ್ರಿ?"

ಮೂರನೆಯ ಆಯ್ಕೆಯ ಜಗಳದಲ್ಲಿ ಸೌಜನ್ಯ ಸೋತಳು. ಇನ್ನೊಂದರಲ್ಲಿ ಗೆದ್ದಳು: ಒತ್ತಿದ ಮೇಲೂ ಓದುಗರು ತಮ್ಮ ಮತ ಬದಲಿಸಬಹುದು, ಪೋಲ್ ಮುಚ್ಚುವವರೆಗೆ, ಎಷ್ಟು ಸಲ ಬೇಕಾದರೂ. "ಮನಸ್ಸು ಬದಲಾಗ್ತದಲ್ಲ ಗೋವರ್ಧನ್. ಬದಲಾಗೋದಕ್ಕೆ ಜಾಗ ಬೇಡ್ವಾ?"

"ಹಂಗಾದ್ರ ಎಲೆಕ್ಷನ್ನ್ಯಾಗೂ ಇದನ್ನ ಇಡಬೇಕ್ರಿ. ನಮ್ಮ ಮಂದಿಗೆ ಭಾಳ ಉಪಯೋಗ ಆಗತೈತಿ."

ಪರೀಕ್ಷೆಗೆಂದು ಅವಳು ಬರೆದ ಮೊದಲ ಪೋಲ್ ಹೀಗಿತ್ತು: ನಿಮಗೆ ಯಾವ ತಿಂಡಿ ಇಷ್ಟ? ಉಗ್ಗಾಣಿಯೋ ಚಿತ್ರಾನ್ನವೋ?

ಗೋವರ್ಧನ್ ಹಣೆ ಹಿಡಿದುಕೊಂಡ. "ಉಗ್ಗಾಣಿ ಮ್ಯಾಲ ಯಾರು ಜಗಳ ಆಡ್ತಾರ್ರಿ? ಓದಿದ ಕೂಡ್ಲೆ ಬೆರಳು ತುರಿಸ್ಬೇಕು, ಅಂಥದೊಂದು ಕಥಿ ಬರೀರಿ ಅಕ್ಕಾರ. ನಾಳೆ ಐವತ್ತು ಅರವತ್ತು ಮಂದಿಗೆ ಬಿಟ್ಟು ನೋಡೂಣು. ಶನಿವಾರ ಮುಚ್ಚೂಣು."

(ಅನಾಹುತ ಇಲ್ಲಿ ಆಯಿತು. ಅವಳು ಉಗ್ಗಾಣಿಯಲ್ಲೇ ನಿಂತಿದ್ದರೆ ನೀವೂ ನಾನೂ ಬೇರೆ ಕೆಲಸ ನೋಡಿಕೊಳ್ಳಬಹುದಿತ್ತು.)

೩

ಮಗಳು ಶಾಲೆಯಿಂದ ಬರಲು ನಲವತ್ತು ನಿಮಿಷ ಇತ್ತು. ಅಷ್ಟರಲ್ಲಿ ಹೊಸ ಕಥೆ ಕಟ್ಟಲು ಯಾರಿಗೆ ಸಾಧ್ಯ? ಒಳಗೆ ಇದ್ದುದನ್ನೇ ತೆಗೆದು ಹಾಕಿದಳು.

ಅವಳು ಬರೆದದ್ದು ಇಷ್ಟು. ಒಂದು ಊರು. ಒಂದು ಗುಡಿ. ಹೆಣ್ಣು ಗಂಡು ಕೂಡಿಸುವ ಮೊದಲು ಆ ಗುಡಿಯಲ್ಲಿ ದೇವರಿಗೆ ಹೂ ಕೇಳುತ್ತಾರೆ. ಪೂಜಾರಿ ಎರಡು ಕಣಗಿಲೆ ಹೂವನ್ನು ನೀರಲ್ಲಿ ಅದ್ದಿ, ದೇವರ ಎಡಭುಜಕ್ಕೊಂದು ಬಲಭುಜಕ್ಕೊಂದು ಅಂಟಿಸುತ್ತಾನೆ. ದೇವರ ಬಲಗಡೆಯ ಹೂ ಬಿದ್ದರೆ ಮದುವೆ ಆಗಲಿ ಎಂದು ಅಪ್ಪಣೆ; ಎಡಗಡೆಯದು ಬಿದ್ದರೆ ಬೇಡವೆಂದು. ದೊಡ್ಡವರೆಲ್ಲ, ಪೂಜಾರಿಯೂ ಸೇರಿ, ತಲೆ ಬಗ್ಗಿಸಿ ಕಣ್ಣು ಮುಚ್ಚಿರಬೇಕು. ಹೂವನ್ನು ನೋಡುವುದು ಒಂದು ಮಗು ಮಾತ್ರ. ಹತ್ತು ತುಂಬದ ಮಗು. ಅದಕ್ಕೆ 'ಕಣ್ಣು ಕೂರುವುದು' ಎನ್ನುತ್ತಾರೆ. ಮಗು "ಬಲ" ಅಂದರೆ ಬಲ, "ಎಡ" ಅಂದರೆ ಎಡ.

ಆ ದಿನ ಎಡಗಡೆಯ ಹೂ ಬಿತ್ತು. ಕಣ್ಣು ಕೂತಿದ್ದ ಒಂಬತ್ತು ವರ್ಷದ ಹುಡುಗಿ ಸದ್ದಿಲ್ಲದೆ ಎದ್ದಳು. ಬಿದ್ದ ಹೂವನ್ನು ಹಿಂದಕ್ಕೆ ಅಂಟಿಸಲು ನೋಡಿದಳು. ನೀರು ಆರಿ ಅದು ನಿಲ್ಲಲಿಲ್ಲ. ನಾಲಿಗೆಗೆ ಒತ್ತಿ, ಎಂಜಲು ಹಚ್ಚಿ, ಅಂಟಿಸಿದಳು. ಬಲಗಡೆಯದನ್ನು ಬೆರಳಲ್ಲಿ ಉದುರಿಸಿದಳು. ತನ್ನ ಜಾಗದಲ್ಲಿ ಬಂದು ಕೂತು "ಬಲ" ಎಂದಳು. ಮದುವೆಯಾಯಿತು. ಆ ಮನೆಯಲ್ಲಿ ಸೊಸೆಗೆ ಇವತ್ತಿಗೂ ದೇವರು ಕೊಟ್ಟ ಸೊಸೆಯೆಂಬ ಮರ್ಯಾದೆ.

ಪ್ರಶ್ನೆ: ಆ ಹುಡುಗಿ ಈಗ ನಿಜ ಹೇಳಬೇಕೇ?
ಹೌದು. ಬೇಡ.

ಅವಳು ಬರಹಕ್ಕೆ ತನ್ನ ಹೆಸರು ಹಾಕಿರಲಿಲ್ಲ. ಊರಿನ ಹೆಸರು ತೆಗೆದಿದ್ದಳು. ಗುಡಿಯ ದೇವರು ರಂಗಪ್ಪನ ಹೆಸರು ತೆಗೆದಿದ್ದಳು. ಮುಖ್ಯವಾಗಿ ಅಕ್ಕನನ್ನೇ ತೆಗೆದಿದ್ದಳು. ನಿಜದಲ್ಲಿ, ಗುಡಿಗೆ ಹೋಗಲು ಆಟೋ ಕಾಯುವಾಗ ಮಂಜುಳ ತಂಗಿಯನ್ನು ಹುಣಿಸೆಮರದ ಮರೆಗೆ ಕರೆದು, "ಯಾವ್ ಕಡೆ ಬಿದ್ರೂ ಬಲ ಅಂತೇಳು ಸೌಜಿ, ನಿನ್ ಕಾಲಿಗೆ ಬೀಳ್ತೀನಿ" ಎಂದಿದ್ದಳು. ಗಂಡು ಪಾಪಣ್ಣ, ಅಮರಾಪುರದವನು. ರೇಷ್ಮೆಹುಳು ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗಳನ್ನು ಎರವಲು ಕೇಳುವ ನೆಪದಲ್ಲಿ ಮೂರು ಸಲ ಬಂದುಹೋಗಿದ್ದ. ಮೂರನೆಯ ಸಲ ಚಂದ್ರಿಕೆಯನ್ನು ಮರೆತು ಹೋಗಿದ್ದ. ಇದು ಯಾವುದೂ ಕಥೆಯಲ್ಲಿ ಇರಲಿಲ್ಲ. ಕಥೆಯಲ್ಲಿ ಹುಡುಗಿ ತಾನಾಗಿಯೇ ಹಾಗೆ ಮಾಡಿದ್ದಳು.

ಕೊಟ್ಟ ಮಾತಿಗೆ ಏನೂ ಆಗಿಲ್ಲ ಎಂದುಕೊಂಡಳು ಸೌಜನ್ಯ.

ಒಂದು ಮಾತ್ರ ಅವಳಿಗೆ ಗೊತ್ತಿರಲಿಲ್ಲ. ಹೂ ಕೇಳುವ ಗುಡಿ ಊರೂರಿಗೂ ಇವೆ. ಆದರೆ ಮಗುವನ್ನು ಕಣ್ಣು ಕೂರಿಸುವ ಗುಡಿ ಆ ಸೀಮೆಯಲ್ಲಿ ಅದೊಂದೇ. ತಮ್ಮ ಮನೆಯ ಪದ್ಧತಿ ಲೋಕದ ಪದ್ಧತಿ ಎಂದುಕೊಂಡು ಬೆಳೆದವರು ಮಾಡುವ ತಪ್ಪು ಇದು.

೪

ಬುಧವಾರ ಬರಹ ಹೋಯಿತು. ಗುರುವಾರ ಬೆಳಿಗ್ಗೆ ಹನ್ನೊಂದಕ್ಕೆ ಗೋವರ್ಧನ್ ಕುರ್ಚಿಯಲ್ಲೇ ಕುಣಿಯುತ್ತಿದ್ದ. "ಐವತ್ತೆಂಟು ಓಟು! ಈರಕ್ಕ ಚಟ್ನಿಪುಡಿ ಬಿಟ್ಟು ನಿಮ್ಮ ಕಥಿ ಮ್ಯಾಲ ಕಾಮೆಂಟ್ ಹಾಕ್ಯಾರ್ರಿ. 'ಒಂಬತ್ತು ವರ್ಷದ ಕೂಸಿಗೆ ಇಷ್ಟು ಧೈರ್ಯ ಎಲ್ಲಿಂದ ಬಂತು, ಯಾರೋ ಹೇಳಿಕೊಟ್ಟಿರಬೇಕು' ಅಂತ."

ಸೌಜನ್ಯ ಫಲಿತಾಂಶದ ಪುಟ ತೆರೆದಳು. ಅವಳು ಬಿಡಿಸಿದ್ದ ಚಿತ್ರದಲ್ಲಿ ಎರಡು ಪಟ್ಟಿಗಳಿದ್ದವು, ಹೌದಿಗೊಂದು ಬೇಡಕ್ಕೊಂದು, ಅಷ್ಟೇ. ಈಗ ಅದರ ಕೆಳಗೆ ಅವಳು ಬಿಡಿಸದೇ ಇದ್ದ ಒಂದು ಉದ್ದನೆಯ ಪಟ್ಟಿಯಿತ್ತು.

ಹಿಂದೂಪುರ, ೯೦೨೮, ಹೌದು.
ರಾಯದುರ್ಗ, ೧೧೬೩, ಹೌದು.
ಅಮರಾಪುರ, ೪೪೧೭, ಬೇಡ.

"ಇದೇನಿದು?"

"ಓಟು ಹಾಕಿದೋರ ಊರು, ಫೋನ್ ನಂಬರಿನ ಕಡೀ ನಾಕು ಅಂಕಿ."

"ಯಾರ್ ಇಡೋಕೆ ಹೇಳಿದ್ರು?"

ಗೋವರ್ಧನ್‌ಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಹತ್ತು ವರ್ಷದವನಿದ್ದಾಗಿನಿಂದ ಅವನು ಕೆಳಗೆ ಕಟಿಂಗ್ ಟೇಬಲ್ಲಿನ ಹತ್ತಿರ ಕೂತು, ಕತ್ತರಿಸಿದ ಒಂದೊಂದು ತುಂಡಿಗೂ ಬಂಡಲ್ ನಂಬರಿನ ಚೀಟಿ ಅಂಟಿಸಿದವನು. ಕಾಲು, ಜೇಬು, ಪಟ್ಟಿ, ಎಲ್ಲದಕ್ಕೂ ಚೀಟಿ. ಹೊಲಿಗೆ ಕೆಟ್ಟರೆ ಅವನಪ್ಪ ಆ ಚೀಟಿ ನೋಡಿ ಪ್ಯಾಂಟನ್ನು ಎತ್ತಿ ಹಿಡಿದು ತೆಲುಗಿನಲ್ಲಿ ಕೂಗುತ್ತಾನೆ: "ಎವರಿ ಚೆಯ್ಯಿ ಇದಿ?" ಇದು ಯಾರ ಕೈ? ಕೈ ಗೊತ್ತಿಲ್ಲದ ಪೀಸು ಆ ಯೂನಿಟ್ಟಿನಿಂದ ಹೊರಗೆ ಹೋದದ್ದೇ ಇಲ್ಲ.

"ಯಾರ ಕೈ ಅಂತ ಗೊತ್ತಾಗದ ಓಟು ಹೆಂಗ ಇಟ್ಕೊಳ್ಳೋದ್ರಿ ಅಕ್ಕಾರ?" ಎಂದ ಗೋವರ್ಧನ್, ನಿಜವಾದ ಆಶ್ಚರ್ಯದಿಂದ. "ನಾಳೆ ಒಂದು ಡ್ಯಾಮೇಜ್ ಬಂದ್ರ?"

ಅವಳು ಕೇಳಿಸಿಕೊಳ್ಳುತ್ತಿರಲಿಲ್ಲ. ೪೪೧೭. ಅವಳಿಗೆ ಬಾಯಿಪಾಠ ಇರುವ ಒಂದೇ ಒಂದು ಫೋನ್ ನಂಬರಿನ ಬಾಲ ಅದು. ಭಾವ ಪಾಪಣ್ಣನ ನಂಬರು. ಅಕ್ಕ ಮಾತಾಡುವುದೂ ಅದರಿಂದಲೇ. ಗೂಡಿನ ದರ ನೋಡಲು ಭಾವ ಕಾಜಾಕ್ಕೆ ಸೇರಿದ್ದಾನೆಂದು, ಪರೀಕ್ಷೆಯ ಅರವತ್ತು ಜನರಲ್ಲಿ ಅವನ ಹೆಸರೂ ಇದೆಯೆಂದು ಯಾರು ತಾನೇ ಯೋಚಿಸಿದ್ದರು?

ಲೋಟ ಅಂಚಿಗೆ ಬಂತು. ಅವಳು ತಳ್ಳಲಿಲ್ಲ. ಬಿದ್ದು ಒಡೆಯಿತು.

೫

(ಇಲ್ಲಿ ಸೌಜನ್ಯ ನನ್ನ ಮೇಲೆ ತಿರುಗಿಬಿದ್ದಳು.

"ಆ ಹೂವಿನ ಕಥೆನೇ ಯಾಕೆ ಬರೆಸಿದ್ರಿ ನನ್ ಕೈಲಿ? ಉಗ್ಗಾಣಿ ಸಾಕಾಗಿತ್ತಲ್ಲ?"

"ನಲವತ್ತು ನಿಮಿಷ ಇತ್ತು. ನನಗೂ ಅಷ್ಟೇ ಇತ್ತು."

"ಅಳಿಸಿ ಹಾಕಿ."

"ಅಳಿಸೋಣ. ಆದರೆ ಮಧ್ಯಾಹ್ನದವರೆಗೆ ತಡಿ. ಒಂದು ವಿಷಯ ನನಗೂ ಅರ್ಥವಾಗುತ್ತಿಲ್ಲ.")

ಮಧ್ಯಾಹ್ನ ಎರಡಕ್ಕೆ ಮತ್ತೆ ಪುಟ ತೆರೆದರೆ ಹೀಗಿತ್ತು: ಅಮರಾಪುರ, ೪೪೧೭, ಹೌದು.

ಶುಕ್ರವಾರ ಬೆಳಿಗ್ಗೆ: ಅಮರಾಪುರ, ೪೪೧೭, ಬೇಡ.

ಹನ್ನೊಂದಕ್ಕೆ: ಹೌದು. ಹನ್ನೊಂದೂ ಕಾಲಿಗೆ, ಅವಳ ಕಣ್ಣೆದುರಿಗೇ: ಬೇಡ.

ಮತ ಬದಲಿಸುವ ಸೌಲಭ್ಯಕ್ಕಾಗಿ ಜಗಳವಾಡಿ ಗೆದ್ದವಳು ಅವಳೇ. ಒಬ್ಬ ಮನುಷ್ಯನ ಮನಸ್ಸು ಒಂದು ಕಾಲು ಗಂಟೆಯಲ್ಲಿ ಹೀಗೆ ಓಲಾಡುವುದಿಲ್ಲ. ಒಂದು ಫೋನು, ಎರಡು ಕೈ. ಆ ಮನೆಯಲ್ಲಿ ಯಾರೋ ನಿಜ ಹೇಳಲಿ ಎನ್ನುತ್ತಿದ್ದಾರೆ, ಯಾರೋ ಬೇಡ ಎನ್ನುತ್ತಿದ್ದಾರೆ, ಒಬ್ಬರು ಒತ್ತಿದ್ದನ್ನು ಇನ್ನೊಬ್ಬರು ಅಳಿಸುತ್ತಿದ್ದಾರೆ.

ಎವರಿ ಚೆಯ್ಯಿ ಇದಿ?

(ಓದುಗರೇ, ಆ ಮನೆಯಲ್ಲಿ ನಾಲ್ವರು: ಭಾವ ಪಾಪಣ್ಣ, ಅಕ್ಕ ಮಂಜುಳ, ಅಕ್ಕನ ಅತ್ತೆ ಓಬಳಮ್ಮ, ಈ ಸಲ ಇಂಟರ್ ಎಂಬ ಪಿಯುಸಿ ಮುಗಿಸಿರುವ ಅಕ್ಕನ ಮಗಳು ಸುಶ್ಮಿತಾ. ನಿಮಗೆ ಯಾರ ಮೇಲೆ ಅನುಮಾನ? ಭಾವನನ್ನು ಬಿಟ್ಟುಬಿಡಿ. ಆತ ಗೂಡಿನ ದರದಾಚೆ ಒಂದು ಸಾಲು ಓದಿದವನಲ್ಲ. ಫೋನನ್ನು ಮನೆಯಲ್ಲಿಟ್ಟು ತೋಟಕ್ಕೆ ಹೋಗುವವನು. ಉಳಿದ ಮೂವರಲ್ಲಿ ಆರಿಸಿ. ಬದಲಿಸಬಹುದು.)

ಸೌಜನ್ಯ ಗೋವರ್ಧನನ ಕೈ ಹಿಡಿದು ಬರಹವನ್ನೂ ಪೋಲನ್ನೂ ತೆಗೆಸಿದಳು. "ಇಷ್ಟು ಚಂದ ಓಡಾಕತ್ತಿತ್ತಲ್ರಿ!" ಎಂದು ಅವನು ಸತ್ತ ಮನೆಯವನಂತೆ ಕೂತ. ಪುಟ ಖಾಲಿಯಾದ ಐದೇ ನಿಮಿಷಕ್ಕೆ ಫೋನ್ ಬಂತು. ಪರದೆಯ ಮೇಲೆ ಭಾವನ ಹೆಸರು. ದನಿ ಅಕ್ಕನದು.

೬

"ಸೌಜಿ, ಅಕ್ಕಪಕ್ಕ ಯಾರಾದ್ರೂ ಅವ್ರೇನೆ?"

"ಇಲ್ಲ, ಹೇಳಕ್ಕ." ಗೋವರ್ಧನ್ ಇದ್ದ. ಅವಳು ಮೆಟ್ಟಿಲಿಗೆ ಬಂದು ನಿಂತಳು. ಕೆಳಗೆ ಇಪ್ಪತ್ತು ಮಿಷಿನ್ನು.

"ಎಡಕ್ಕೆ ಬಿದ್ದಿತ್ತೇನೆ?"

ಸೌಜನ್ಯಳಿಗೆ ಬೈಗುಳದ ನಿರೀಕ್ಷೆಯಿತ್ತು. ಇದರ ನಿರೀಕ್ಷೆ ಇರಲಿಲ್ಲ. ಯಾವ ಕಡೆ ಬಿದ್ದರೂ ಬಲ ಎನ್ನು ಎಂದಿದ್ದ ಅಕ್ಕ, ಆಮೇಲೆ ಯಾವ ಕಡೆ ಬಿತ್ತೆಂದು ಇಪ್ಪತ್ತೆರಡು ವರ್ಷದಲ್ಲಿ ಒಂದು ದಿನವೂ ಕೇಳಿರಲಿಲ್ಲ. ಇವಳೂ ಹೇಳಿರಲಿಲ್ಲ. ಗೊತ್ತಿರುತ್ತದೆ ಎಂದುಕೊಂಡಿದ್ದಳು.

"ಹೂಂ ಅಕ್ಕ."

"ನಾನು ಬಲಕ್ಕೇ ಬಿದ್ದಿರ್ತೈತೆ ಅನ್ಕಂಡಿದ್ನಲ್ಲೆ. ನಾನ್ ಹೇಳ್ಕೊಟ್ಟಿದ್ದು ದಂಡ, ರಂಗಪ್ಪನೇ ಆಗ್ಲಿ ಅಂದವ್ನೆ ಅಂತ ಅನ್ಕಂಡು ಬಾಳ್ವೆ ಮಾಡ್ದೆ."

"ನೀನ್ ಕೇಳ್ಲೇ ಇಲ್ಲ ಅಕ್ಕ."

"ಕೇಳೋ ಧೈರ್ಯ ಇದ್ದಿದ್ರೆ ನಿಂಗ್ಯಾಕೆ ಹೇಳ್ಕೊಡ್ತಿದ್ದೆ? ಎಂಜ್ಲು ಬೇರೆ ಹಚ್ಚಿದ್ಯಾ?"

"ಅಂಟ್ಲಿಲ್ಲ ಅಕ್ಕ. ಆರೋಗಿತ್ತು."

"ಅಯ್ಯೋ ಪಾಪಿಮುಂಡೇದೆ" ಎಂದಳು ಮಂಜುಳ. ಆಮೇಲೆ, ನಂಬಿದರೆ ನಂಬಿ, ನಕ್ಕಳು. ನಗು ಅರ್ಧಕ್ಕೇ ನಿಂತಿತು.

ನಡೆದದ್ದು ಹೀಗೆ. ಸುಶ್ಮಿತಾ ಆ ಕಥೆಯನ್ನು ಅಜ್ಜಿಗೆ ಓದಿ ಹೇಳಿದ್ದಳು. ಓಬಳಮ್ಮ ಎರಡು ಸಲ ಓದಿಸಿದಳು. "ಇದು ನಮ್ ರಂಗಪ್ಪನ ಗುಡಿನೇ ಕಣೆ, ಮಗೀನ ಕಣ್ ಕೂರ್ಸೋದು ಬೇರೆ ಎಲ್ಲೈತೆ? ಯಾವ ಮನೆಹಾಳಿ ಮಾಡಿದ್ದೋ. ಹೇಳ್ಬೇಕು ಅಂತ ಒತ್ತು" ಎಂದಳು. ಮೊಮ್ಮಗಳು ಒತ್ತಿದಳು, ಬದಲಾಗಿದ್ದು ಕಂಡಾಗಲೆಲ್ಲ ಮತ್ತೆ ಒತ್ತಿದಳು. ಫೋನ್ ಕೈಗೆ ಸಿಕ್ಕಾಗಲೆಲ್ಲ ಮಂಜುಳ ಅದನ್ನು ಬೇಡಕ್ಕೆ ತಿರುಗಿಸಿದಳು. ಕಥೆ ಬರೆದವರು ಯಾರೆಂದು ಅವಳಿಗೆ ಎರಡನೆಯ ಸಾಲಿಗೇ ಗೊತ್ತಾಗಿತ್ತು.

"ತೆಗ್ಸಿಬಿಟ್ಟಿದೀನಿ ಅಕ್ಕ."

"ತೆಗ್ದು ಏನ್ ಬಂತು? ಅತ್ತೆಗೆ ಬಾಯ್ಪಾಠ ಆಗೋಗೈತೆ. ಪೆಟ್ಟಿಗೆ ಬೀಗದ್ ಕೈ ನನ್ ಸೊಂಟಕ್ಕೆ ಸಿಕ್ಕಿಸಿರೋದು ಯಾಕೆ ಗೊತ್ತಾ? ಬಲಗಡೆ ಹೂವಿನ ಸೊಸೆ ಅಂತ. ಈಗ ಸುಶ್ಮಿತನ್ ವಿಷ್ಯಾನೂ ಹೂವಿಗೇ ಬಂದೈತೆ. ಅನಂತಪುರಕ್ಕೆ ನರ್ಸಿಂಗ್ ಓದಕ್ಕೆ ಕಳ್ಸೋದಾ, ಸಿರಾದ ಗಂಡಿಗೆ ಕೊಡೋದಾ ಅಂತ. ಕಳ್ಸೋದಾದ್ರೆ ಬಲ. ಸೋಮವಾರ ಕೇಳ್ತಾರೆ." ಅವಳು ದನಿ ತಗ್ಗಿಸಿದಳು. "ಕಣ್ಣು ಕೂರಕ್ಕೆ ನಿನ್ ಮಗಳನ್ನ ಕರ್ಕಂಬರ್ಬೇಕಂತೆ."

"ನನ್ ಮಗಳನ್ನಾ?"

"ಒಳ್ಳೇದೇ ಆತಲ್ಲ. ಬಲ ಅಂತ ಹೇಳ್ಕೊಡು."

"ಅಕ್ಕ..."

"ಸುಶ್ಮಿತ ಓದ್ಬೇಕು ಕಣೆ. ಎಡಕ್ಕೆ ಬಿದ್ದು ನಾನು ಇಪ್ಪತ್ತೆರಡು ವರ್ಷ ಬಾಳ್ಲಿಲ್ವಾ? ಏನಾಯ್ತು? ದೇವ್ರು ಬ್ಯಾಡ ಅಂದಿದ್ದೂ ಚೆನ್ನಾಗೇ ನಡೀತೈತೆ."

ಯಾರೋ ಬಂದರೇನೋ, ಫೋನ್ ಇಟ್ಟುಬಿಟ್ಟಳು.

೭

ಈಗ ಕೊನೆಗಳು. ಮೂರಿವೆ. ಮೂರನ್ನೂ ಬರೆದು ಹೊಡೆದುಹಾಕಿದ್ದೇನೆ, ಆದರೂ ನೋಡಿ.

ಅ) ಸೋಮವಾರ ಮಗಳು ಕಣ್ಣು ಕೂರುತ್ತಾಳೆ. ಬಲಗಡೆಯ ಹೂವೇ ಬೀಳುತ್ತದೆ. ಯಾರೂ ಸುಳ್ಳು ಹೇಳಬೇಕಾಗಿಲ್ಲ. ನನಗೆ ತುಂಬ ಇಷ್ಟವಾದ ಕೊನೆ, ಅದಕ್ಕೇ ಹೊಡೆದುಹಾಕಿದೆ. ಇಷ್ಟು ಅನುಕೂಲವಾಗಿ ಹೂ ಬೀಳುವುದು ಕಥೆ ಬರೆಯುವವರ ಮನೆಯಲ್ಲಿ ಮಾತ್ರ.

ಆ) ಭಾನುವಾರ ಮಗಳಿಗೆ ಜ್ವರ ಬರುತ್ತದೆ. "ನನ್ ಮಗಳಿಗೆ ಜ್ವರ ಬರಿಸ್ಬೇಡಿ" ಎಂದಳು ಸೌಜನ್ಯ. "ನಿಮಗೆ ಮಕ್ಕಳಿಲ್ವಾ?" ಇದ್ದಾರೆ. ಹೊಡೆದುಹಾಕಿದೆ.

ಇ) ಅವತ್ತು ಗುಡಿಯಲ್ಲಿ ಓಬಳಮ್ಮ ಒಂದು ಕಣ್ಣು ತೆರೆದಿದ್ದಳು. ಎಲ್ಲವನ್ನೂ ನೋಡಿಯೂ ಸುಮ್ಮನಿದ್ದಳು, ಏಕೆಂದರೆ ಅವಳಿಗೂ ಈ ಸೊಸೆಯೇ ಬೇಕಿತ್ತು. ನಿಮ್ಮಲ್ಲಿ ಅರ್ಧ ಜನ ಇದನ್ನೇ ಕಾಯುತ್ತ ಕೂತಿದ್ದೀರೆಂದು ನನಗೆ ಗೊತ್ತು. ಓಬಳಮ್ಮನನ್ನು ಕೇಳಿದೆ. "ನಾನ್ ಕಣ್ ಮುಚ್ಚಿದ್ರೆ ಮುಚ್ದಂಗೆ ಕಣಮ್ಮ" ಎಂದಳು ಸಿಟ್ಟಿನಿಂದ. "ದೇವ್ರ ಮುಂದೆ ಕದ್ದು ನೋಡೋ ಜಾತಿ ಅಲ್ಲ ನಂದು. ಬೇರೆ ಯಾರ್ನಾದ್ರೂ ಹುಡುಕ್ಕೋ."

(ನಿಜ. ಕಣ್ಣು ಮುಚ್ಚಿಯೇ ಇದ್ದಳು. ಪಾತ್ರಗಳು ಒಪ್ಪದ ಕೊನೆಯನ್ನು ಅವರ ತಲೆಗೆ ಕಟ್ಟಿದರೆ ಅದಕ್ಕೂ ಎಂಜಲು ಹಚ್ಚಿದಂತೆಯೇ.)

ಕೊನೆಗಳನ್ನು ಬಿಟ್ಟು ನಡೆದದ್ದಕ್ಕೆ ಬರೋಣ. ಶನಿವಾರ ಬೆಳಿಗ್ಗೆ ಸೌಜನ್ಯ ಮಗಳ ತಲೆ ಬಾಚುತ್ತಿದ್ದಳು. ಎರಡು ಜಡೆ, ಒಂದು ಆಗಿತ್ತು, ಇನ್ನೊಂದು ಬಾಕಿ.

"ಅಮ್ಮ, ಬಲ ಅಂದ್ರ ಊಟ ಮಾಡೋ ಕೈಯಿ ಅಲ್ಲೇನು?"

"ಹೌದು. ಯಾಕೆ?"

"ಮತ್ತ ದೇವ್ರು ನಮ್ಮ ಎದುರಿಗೆ ನಿಂತಿರ್ತಾನಲ್ಲ? ದೇವ್ರು ಊಟ ಮಾಡೋ ಕೈಯೋ, ನಾನು ಊಟ ಮಾಡೋ ಕೈಯೋ?"

ಬಾಚಣಿಗೆ ನಿಂತಿತು. "ಯಾರ್ ಹೇಳಿದ್ರು ನಿಂಗೆ ಇದನ್ನೆಲ್ಲ?"

"ಯಾರೂ ಇಲ್ಲ."

"ಹೇಳು."

ಮಗಳು ತಲೆ ತಗ್ಗಿಸಿ ರಿಬ್ಬನ್ನಿನ ತುದಿ ಬೆರಳಿಗೆ ಸುತ್ತಿದಳು, ಬಿಚ್ಚಿದಳು. "ನೀನು ಸ್ನಾನಕ್ಕ ಹೋಗಿದ್ದಾಗ ದೊಡ್ಡಮ್ಮ ಫೋನ್ ಮಾಡಿದ್ಲು. ಯಾವ ಕಡೀ ಬಿದ್ರೂ ಬಲ ಅಂತ ಹೇಳ್ಬೇಕಂತ. ತಾನು ಹೇಳಿಕೊಟ್ಟಿದ್ದು ಅಂತ ಯಾರ್ಗೂ ಹೇಳ್ಬಾರ್ದಂತ. ರಂಗಪ್ಪನಾಣೆ ಹೇಳಂಗಿಲ್ಲ ಅಂತ ಆಣಿ ಮಾಡೀನಿ." ಆಮೇಲೆ ಗಾಬರಿಯಾಗಿ ತಿರುಗಿ ನೋಡಿದಳು. "ಅಮ್ಮ, ಈಗ ನಿಂಗ ಹೇಳಿಬಿಟ್ಟೆನಲ್ಲ. ನನಗ ಏನಾರ ಆಗತೈತೇನು?"

ಸೌಜನ್ಯಳದೇ ಹಳೆಯ ಮಾತು, ಆಣೆ ಸಹ ಬದಲಾಗದೆ, ರಾಯದುರ್ಗದ ರಾಗದಲ್ಲಿ, ಎರಡನೆಯ ಜಡೆ ಹಾಕದ ತಲೆಯೊಂದು ಆಡುತ್ತಿತ್ತು. ಒಂಬತ್ತರ ವಯಸ್ಸಿನಲ್ಲಿ ಅವಳಿಗೂ ಹೀಗೇ ಭಯವಾಗಿತ್ತು. ಜ್ವರ ಬಂದಾಗಲೆಲ್ಲ ಎಂಜಲಿನಿಂದ ಬಂತೆಂದುಕೊಂಡಿದ್ದಳು. ಗಣಿತದಲ್ಲಿ ಫೇಲಾದಾಗ, ಅಪ್ಪ ಹೋದಾಗ, ಇದೇ ಮಗಳು ಹೊಟ್ಟೆಯಲ್ಲಿದ್ದು ಐದನೆಯ ತಿಂಗಳಲ್ಲಿ ರಕ್ತ ಕಂಡಾಗ. ಯಾರಿಗೂ ಹೇಳಿರಲಿಲ್ಲ. ಹೇಳುವುದಿಲ್ಲವೆಂಬ ಮಾತಿತ್ತಲ್ಲ.

"ಏನೂ ಆಗಲ್ಲ" ಎಂದು ಎರಡನೆಯ ಜಡೆ ಹೆಣೆದಳು. ಗಂಟು ಬಿಗಿಯಾಯಿತೇನೋ, ಮಗಳು "ಹಾ" ಎಂದಳು.

೮

ಶಾಲೆಯ ಗೇಟಿನ ಹತ್ತಿರ ಮಗಳನ್ನು ಬಿಟ್ಟು, ಅಲ್ಲೇ ನಿಂತು, ಭಾವನ ನಂಬರಿಗೆ ಹಚ್ಚಿದಳು. ಸುಶ್ಮಿತಾ ಎತ್ತಿದಳು.

"ಚಿಕ್ಕಮ್ಮ, ಆ ಕಥೆ ಯಾಕೆ ಕಾಣ್ತಿಲ್ಲ? ಅಜ್ಜಿ ನಿನ್ನೆಯಿಂದ್ಲೂ ಕೇಳ್ತಾವ್ಳೆ."

"ಅಜ್ಜಿಗೆ ಕೊಡು."

"ಏನ್ ಸೌಜಿ," ಓಬಳಮ್ಮನ ದೊಡ್ಡ ದನಿ. ಫೋನಿನಲ್ಲಿ ಅಷ್ಟು ದೂರಕ್ಕೆ ಕೂಗಿ ಮಾತಾಡಬೇಕೆಂದು ಅವಳ ನಂಬಿಕೆ. "ಸೋಮವಾರ ಬತ್ತೀಯಲ್ಲ? ಮಗೀನ ಕರ್ಕಂಬಾ."

"ನನ್ ಮಗಳೇ ಯಾಕತ್ತೆ? ನಿಮ್ ಬೀದೀಲೇ ಮಕ್ಳಿಲ್ವಾ?"

"ಅವೆ. ಆದ್ರೆ ಆ ಕಥೆ ಕೇಳ್ದಾಗಿಂದ ನಂಗೆ ಯಾವ ಮಗೀನ್ ಮೇಲೂ ನಂಬಿಕೆ ಇಲ್ಲ ಕಣೆ. ದೇವ್ರ ಹೂವಿಗೇ ಎಂಜ್ಲು ಹಚ್ಚೋ ಮಕ್ಳು ಇರೋ ಕಾಲ. ಎಲ್ಡು ದಿನ ಊಟ ಸೇರ್ಲಿಲ್ಲ. ಆಮೇಲೆ ನೀನು ಜ್ಞಾಪಕ ಬಂದೆ. ಮಂಜುಳನ್ ಹೂವಿಗೆ ಕಣ್ಣು ಕುಂತಿದ್ದು ನೀನಲ್ವಾ? ನಿನ್ ಕಣ್ಣು ಸುಳ್ಳು ಹೇಳ್ಲಿಲ್ಲ. ನಿನ್ ಮಗಳ್ದೂ ಹೇಳಲ್ಲ. ಅದ್ಕೇ."

ಶಾಲೆಯ ಗಂಟೆ ಹೊಡೆಯಿತು. ಮಕ್ಕಳು ಸಾಲಾಗಿ ನಿಂತರು. ಎರಡು ಜಡೆ, ಎರಡು ಜಡೆ, ಎರಡು ಜಡೆ.

"ಅತ್ತೆ," ಎಂದಳು ಸೌಜನ್ಯ, "ಆ ಕಥೇಲಿರೋದು ನನ್ ಕೈ."

"ಆಂ?"

"ಎಡಕ್ಕೆ ಬಿದ್ದಿತ್ತು. ಎಂಜ್ಲು ಹಚ್ಚಿ ಅಂಟ್ಸಿದ್ದು ನಾನು. ಬಲ ಅಂದಿದ್ದು ನಾನು. ನನ್ ಮಗಳು ಕಣ್ಣು ಕೂರಲ್ಲ."

ಓಬಳಮ್ಮನ ದನಿ ಬಂತು. ಮೊದಲ ಬಾರಿಗೆ ಮೆಲ್ಲಗೆ.

"ಒಂಬತ್ ವರ್ಷದ ಮಗು ನೀನು. ನಿಂಗೆ ಅಷ್ಟ್ ಬುದ್ಧಿ ಎಲ್ಲಿತ್ತು? ಯಾರ್ ಹೇಳ್ಕೊಟ್ಟಿದ್ದು?"

ಫೋನಿನ ಆ ಕಡೆ, ಓಬಳಮ್ಮನ ಹಿಂದೆ ಎಲ್ಲೋ, ಬೀಗದ ಕೈಗೊಂಚಲು ಒಂದು ಸಲ ಸದ್ದು ಮಾಡಿ ನಿಂತಿತು.

"ಯಾರೂ ಇಲ್ಲತ್ತೆ," ಎಂದಳು ಸೌಜನ್ಯ. "ನಾನೇ."

೯

ಆಮೇಲೆ ಓಬಳಮ್ಮ ಏನೆಂದಳು? ಸೊಂಟದ ಬೀಗದ ಕೈ ಸೊಂಟದಲ್ಲೇ ಉಳಿಯಿತೇ? ಸೋಮವಾರ ಹೂ ಕೇಳಿದರೇ, ಕೇಳಿದ್ದರೆ ಯಾರ ಮಗು ಕೂತಿತು, ಸುಶ್ಮಿತಾ ಅನಂತಪುರದ ಬಸ್ಸು ಹತ್ತಿದಳೇ?

ಬರೆಯುವುದಿಲ್ಲ. ಬೇಕೆಂದೇ. ಕೆಳಗೊಂದು ಪೋಲ್ ಇಟ್ಟು ನಿಮ್ಮನ್ನೇ ಕೇಳಬಹುದಿತ್ತು. ಗೋವರ್ಧನ್ ಈಗ ಚೀಟಿಯ ಪಟ್ಟಿ ತೆಗೆದಿದ್ದಾನೆ, ಅರ್ಧ ಮನಸ್ಸಿನಿಂದ. ಮೂರನೆಯ ಆಯ್ಕೆಯನ್ನೂ ಸೇರಿಸಿದ್ದಾನೆ. ಆದರೂ ಇಡುವುದಿಲ್ಲ. ಹೌದು ಎಂದವರ ಕೈ ಯಾವುದು, ಬೇಡ ಎಂದವರ ಕೈ ಯಾವುದು ಎಂದು ತಿಳಿದುಕೊಂಡ ಮೇಲೆ ಒಬ್ಬಳ ಗತಿ ಏನಾಯಿತೆಂದು ನೋಡಿದ್ದೀರಲ್ಲ.

(ಹುಣಿಸೆಮರದ ಮರೆಯಲ್ಲಿ ನಡೆದದ್ದು ನಿಮಗೆ ಗೊತ್ತಾಗಿಬಿಟ್ಟಿದೆ, ಅಲ್ಲಿಗೆ ಮಾತು ಮುರಿದಂತೆಯೇ ಅಲ್ಲವೇ ಎಂದು ಯಾರಾದರೂ ಕೇಳಬಹುದು. ನಿಮಗೆ ಹೇಳಿದವಳು ನಾನು. ಮಾತು ಕೊಟ್ಟವಳು ಅವಳು.)

ಸೌಜನ್ಯ ಅಕ್ಕನಿಗೆ ಕೊಟ್ಟ ಮಾತನ್ನು ಉಳಿಸಿಕೊಂಡಳು.